ಗಣಕಯಂತ್ರದ ನೆಲಗಟ್ಟು

ನಮ್ಮ ಭಂಕೂರಿನ ಸುತ್ತುಮುತ್ತಲಿನವರಿಗೆ ಕಲ್ಲಿನ ಗುಣವನ್ನು ಯಾರೂ ಹೇಳಿಕೊಡಬೇಕಾದ ಅಗತ್ಯವಿಲ್ಲ. ನಾಡೆಲ್ಲ ಶಹಾಬಾದ್ ಕಲ್ಲೆಂದು ಕರೆಯುವ ಸುಣ್ಣಶಿಲೆ ಇಲ್ಲಿಯ ನೆಲದೊಳಗೆ ಹೊತ್ತಗೆಯ ಹಾಳೆಗಳಂತೆ ಪದರಪದರವಾಗಿ ಮಲಗಿದೆ. ಅದನ್ನು ಎಬ್ಬಿಸಿ, ಕಡಿದು, ಪರಸಿಯಾಗಿ ಹಾಸಿದ ಮನೆಗಳಿಗೆ ಲೆಕ್ಕವಿಲ್ಲ. ಮನೆಗೆ ಬಂದ ಅತಿಥಿಗಳು ಗೋಡೆಯ ಬಣ್ಣವನ್ನು ಹೊಗಳುತ್ತಾರೆ, ಬಾಗಿಲಿನ ಕೆತ್ತನೆಯನ್ನು ಮುಟ್ಟಿ ನೋಡುತ್ತಾರೆ. ಕಾಲಡಿಯ ಪರಸಿಯ ಮಾತನ್ನು ಮಾತ್ರ ಎತ್ತುವವರಿಲ್ಲ. ಅದು ಅಲುಗಾಡತೊಡಗಿದ ದಿನವೇ ಅದರ ಕಡೆಗೆ ಎಲ್ಲರ ಕಣ್ಣು ಹೊರಳುವುದು.

ಗಣಕಯಂತ್ರದಲ್ಲಿಯೂ ಇಂಥದೊಂದು ನೆಲಗಟ್ಟುಂಟು. ಬರೆಯುವ ತಂತ್ರಾಂಶ, ಲೆಕ್ಕವಿಡುವ ತಂತ್ರಾಂಶ, ಚಿತ್ರ ತೋರಿಸುವ ತಂತ್ರಾಂಶ ಇವೆಲ್ಲವೂ ನಿಂತಿರುವುದು ಅದರ ಮೇಲೆಯೇ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ತಲುಪಿಸುವುದು, ಕಡತವನ್ನು ತಟ್ಟೆಯ ಯಾವ ಮೂಲೆಯಲ್ಲಿಟ್ಟಿದೆಯೆಂದು ನೆನಪಿಡುವುದು, ಸ್ಮೃತಿಯನ್ನು ಹತ್ತು ಕೆಲಸಗಳಿಗೆ ಹಂಚಿಕೊಡುವುದು ಅದರ ಹೊಣೆ. ಇದನ್ನು ಕಾರ್ಯಾಚರಣ ವ್ಯವಸ್ಥೆಯೆಂದೂ, ರೂಢಿಯ ಮಾತಿನಲ್ಲಿ ಆಪರೇಟಿಂಗ್ ಸಿಸ್ಟಂ ಎಂದೂ ಕರೆಯುತ್ತಾರೆ. ಹೆಚ್ಚಿನವರು ಇದನ್ನು ಆರಿಸಿಕೊಳ್ಳುವುದಿಲ್ಲ. ಯಂತ್ರವನ್ನು ಕೊಂಡಾಗ ಒಳಗೆ ಏನಿತ್ತೋ ಅದರೊಡನೆ ಬಾಳುತ್ತಾರೆ.

ಆದರೆ ಆರಿಸಿಕೊಳ್ಳಲೇಬೇಕಾದ ಕಾಲವೊಂದು ನಮ್ಮಂಥವರ ಬಾಗಿಲಿಗೆ ತಾನಾಗಿ ಬಂದಿತು. 2015ರಲ್ಲಿ ಹೊರಬಂದು, ಮನೆಮನೆಯನ್ನೂ ಕಚೇರಿ ಕಚೇರಿಯನ್ನೂ ಸೇರಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಅದರ ಒಡೆಯರಾದ ಮೈಕ್ರೋಸಾಫ್ಟ್ ಸಂಸ್ಥೆಯವರು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ರಕ್ಷಣಾ ಸಾಧನವನ್ನೂ ಹೊಸ ತಲೆಮಾರಿನ ಸಂಸ್ಕಾರಕವನ್ನೂ ಬೇಡುತ್ತದೆ. ಕೆಲಸಕ್ಕೆ ಏನೊಂದೂ ಕೊರತೆಯಿಲ್ಲದ ಎಷ್ಟೋ ಯಂತ್ರಗಳು ಈ ಒಂದು ಕಾರಣದಿಂದ ಮುದಿಯಾದವು. ಅಧ್ಯಾಪಕನ ಮೇಜಿನ ಮೇಲಿನ ಯಂತ್ರ, ವಿದ್ಯಾರ್ಥಿಯೊಬ್ಬ ಕಡಿಮೆ ಬೆಲೆಗೆ ಕೊಂಡ ಎರಡನೆಯ ಕೈಯ ಲ್ಯಾಪ್‌ಟಾಪ್ ಇವೆರಡೂ ಆ ಸಾಲಿನಲ್ಲಿ ನಿಂತವು.

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ?

ಹೀಗೆ ಕೇಳಿದವರುಂಟು. ಛಂದಸ್ಸನ್ನೂ ಅಲಂಕಾರವನ್ನೂ ಪಾಠ ಹೇಳುವವನು ಯಂತ್ರದ ಹೊಟ್ಟೆಯೊಳಗೆ ಇಣುಕುವುದು ಅಧಿಕಪ್ರಸಂಗವೆಂದು ಅವರ ಭಾವನೆ. ನನ್ನ ಉತ್ತರ ಒಂದು ಕಡತದ ಕಥೆಯಲ್ಲಿದೆ. ನನಗಿಂತ ಹಿರಿಯರಾದ, ಈಗ ನಿವೃತ್ತರಾಗಿರುವ ಅಧ್ಯಾಪಕರೊಬ್ಬರು ಚಿತ್ತಾಪುರ, ಸೇಡಂ ಸೀಮೆಯ ಹಳ್ಳಿಗಳಲ್ಲಿ ತಿರುಗಿ, ಮೊಹರಂ ಹಬ್ಬದ ಅಲಾವಿಯ ಸುತ್ತ ಹಾಡುವ ರಿವಾಯತ ಪದಗಳನ್ನು ಬಹುಕಾಲ ಸಂಗ್ರಹಿಸಿದ್ದರು. ಮೊದಲು ನೋಟುಪುಸ್ತಕಗಳಲ್ಲಿ ಬರೆದುಕೊಂಡು, ಬಳಿಕ ಕಷ್ಟಪಟ್ಟು ಗಣಕಯಂತ್ರಕ್ಕೆ ಏರಿಸಿದ್ದರು. ಆ ಕಡತಗಳನ್ನು ಅವರು ನನ್ನ ಕೈಗಿತ್ತಾಗ, ನನ್ನ ಯಂತ್ರದ ಪರದೆಯ ಮೇಲೆ ಮೂಡಿದ್ದು ಕನ್ನಡವಲ್ಲ. ರೋಮನ್ ಲಿಪಿಯ ಅಕ್ಷರಗಳೂ ವಿಚಿತ್ರವಾದ ಚಿಹ್ನೆಗಳೂ ಕಲಸಿದ ಒಂದು ರಾಶಿ. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ಪದಗಳಿವೆ, ಆದರೆ ಓದಲು ಬಾರವು.

ಕಾರಣ ಸ್ಪಷ್ಟವಾಗಿಯೇ ಇದೆ. ಹಳೆಯ ಕನ್ನಡ ತಂತ್ರಾಂಶಗಳ ಕಾಲದಲ್ಲಿ ಕನ್ನಡಕ್ಕೆಂದು ಯಂತ್ರದಲ್ಲಿ ಪ್ರತ್ಯೇಕವಾದ ಸ್ಥಾನಗಳನ್ನು ಬಳಸುವ ರೂಢಿ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಗೊತ್ತಾದ ಮನೆಗಳಲ್ಲಿಯೇ ಕನ್ನಡದ ಆಕೃತಿಗಳನ್ನು ಬಾಡಿಗೆಗೆ ಕೂರಿಸಿದ್ದರು. ಆ ನಿರ್ದಿಷ್ಟ ಅಕ್ಷರಶೈಲಿ ಇದ್ದ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಕಡೆ ಬಾಡಿಗೆದಾರನು ಹೋಗಿ ಮನೆಯ ಒಡೆಯನ ಮುಖ ಕಾಣುತ್ತದೆ. ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿಯಾದರೋ, 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿಯೊಂದುಂಟು. ಅಲ್ಲಿ ಕಕಾರದ ಸಂಖ್ಯೆ ಕಕಾರದ್ದೇ. ಅದನ್ನು ಜಗತ್ತಿನ ಯಾವ ಮೂಲೆಯಲ್ಲಿ ತೆರೆದರೂ ಕಕಾರವೇ.

ಹಳೆಯದರಿಂದ ಹೊಸದಕ್ಕೆ ತರುವುದು ಬರಿಯ ಅಕ್ಷರ ಬದಲಿಯ ಕೆಲಸವೂ ಅಲ್ಲ. 'ಧರ್ಮ' ಎಂದು ಬರೆಯುವಾಗ ಹಳೆಯ ಅಕ್ಷರಶೈಲಿಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿ, ಮಕಾರವನ್ನು ಮೊದಲಿಟ್ಟು ಅರ್ಕಾವೊತ್ತನ್ನು ಆಮೇಲೆ ಇಡುತ್ತಿದ್ದವು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮವೇ ಪ್ರಮಾಣ. ರೇಫ ಮೊದಲು, ಮಕಾರ ಅನಂತರ. ಪರಿವರ್ತಿಸುವ ತಂತ್ರಾಂಶಕ್ಕೆ ಈ ವ್ಯಾಕರಣ ಗೊತ್ತಿರಬೇಕು. ಹಾಗೆಯೇ 'ರ್ಯಾಂಕ್' ಎಂದು ಸುಮ್ಮನೆ ಒತ್ತಿದರೆ ಅರ್ಕಾವೊತ್ತು ಮೂಡುತ್ತದೆ. 'ರ‍್ಯಾಂಕ್' ಎಂದು ಕಾಣಬೇಕಾದರೆ ನಡುವೆ ಕಣ್ಣಿಗೆ ಕಾಣದ ಸಂಧಾನದ ಚಿಹ್ನೆಯೊಂದನ್ನು ಇಡಬೇಕು. ಇದು ಯಂತ್ರಶಾಸ್ತ್ರಜ್ಞರು ಮಾತ್ರವೇ ನಿರ್ಧರಿಸಬಹುದಾದ ವಿಷಯವೆ? ಕೇಶಿರಾಜನನ್ನು ಓದಿದವರಿಗೂ ಇಲ್ಲಿ ಒಂದು ಮಾತಿನ ಹಕ್ಕುಂಟು. ಆ ಹಕ್ಕನ್ನು ಚಲಾಯಿಸಬೇಕಾದರೆ ಯಂತ್ರದೊಳಗಿನ ಬರಹ ನಮಗೆ ತೆರೆದಿರಬೇಕು. ನಾನು ಮುಕ್ತ ತಂತ್ರಾಂಶದ ಕಡೆಗೆ ತಿರುಗಿದ್ದು ಈ ದಾರಿಯಿಂದ.

ಪ್ರತಿ ಮಾಡಿ ಹಂಚುವ ಪುಣ್ಯ

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರ ಸೆಪ್ಟೆಂಬರಿನಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ಅವರ ವಾದದ ಸಾರವನ್ನು ನಾಲ್ಕು ಸ್ವಾತಂತ್ರ್ಯಗಳಲ್ಲಿ ಹೇಳಬಹುದು: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು, ಅದರ ಮೂಲಪಾಠವನ್ನು ಓದಿ ತಿದ್ದುವುದು, ಪ್ರತಿ ಮಾಡಿ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಒಂದು ವ್ಯವಸ್ಥೆಯ ತಿರುಳನ್ನು ಬರೆದು ಲೋಕಕ್ಕೊಪ್ಪಿಸಿದರು. ಗ್ನೂ ಯೋಜನೆಯ ಸಾಧನಗಳೂ ಈ ತಿರುಳೂ ಕೂಡಿ, ಇಂದು ಲಿನಕ್ಸ್ ಎಂದು ಜನ ಕರೆಯುವ ವ್ಯವಸ್ಥೆಯಾಯಿತು.

ಈ ವಿಚಾರ ನಮಗೆ ತೀರ ಹೊಸತೇನಲ್ಲ. ಭಂಕೂರಿನಿಂದ ಸೇಡಂ ತಾಲ್ಲೂಕಿನ ಮಳಖೇಡ ಬಹಳ ದೂರದ ಊರಲ್ಲ. ಕಾಗಿಣಾ ನದಿಯ ದಂಡೆಯ ಆ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಮುಮ್ಮಡಿ ಕೃಷ್ಣನ ಆಸ್ಥಾನದ ಪೊನ್ನನು ರಚಿಸಿದ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ದಾನ ಮಾಡಿದಳೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಓಲೆಗರಿಯ ಕಾಲದಲ್ಲಿ ಗ್ರಂಥ ಉಳಿಯುವುದಕ್ಕೆ ಇದ್ದ ಒಂದೇ ಉಪಾಯ, ಪ್ರತಿ ಮಾಡಿ ಹಂಚುವುದು. ಒಬ್ಬನ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟ ಕಾವ್ಯ ಗೆದ್ದಲಿನ ಪಾಲಾಯಿತು. ಹತ್ತು ಮನೆ ಸೇರಿದ ಕಾವ್ಯ ಒಂದೆಡೆಯಲ್ಲಾದರೂ ಉಳಿಯಿತು.

ಹೋಲಿಕೆಯನ್ನು ಇನ್ನೂ ಒಂದು ಹೆಜ್ಜೆ ಮುಂದೊಯ್ಯಬಹುದು. ಪ್ರತಿಗಳು ಹೆಚ್ಚಿದಂತೆ ಪಾಠಾಂತರಗಳೂ ಹೆಚ್ಚುತ್ತವೆ. ಆಗ ಸಂಪಾದಕನು ಬೇಕಾಗುತ್ತಾನೆ. ಮುಕ್ತ ತಂತ್ರಾಂಶದ ಲೋಕದಲ್ಲಿ ಆ ಸಂಪಾದಕನ ಸ್ಥಾನದಲ್ಲಿರುವುದು 'ಡಿಸ್ಟ್ರಿಬ್ಯೂಷನ್' ಎಂಬ ಬಳಗ. ಸಾವಿರಾರು ಕಡೆ ಸಾವಿರಾರು ಜನ ಬರೆದ ತಂತ್ರಾಂಶಗಳನ್ನು ಕೂಡಿಸಿ, ಒಂದರೊಡನೊಂದು ಹೊಂದುವಂತೆ ಪರಿಷ್ಕರಿಸಿ, ಒಂದು ಸಂಪುಟವಾಗಿ ಕೊಡುವುದು ಅದರ ಕೆಲಸ. ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ, ಆರ್ಚ್ ಎಂಬ ಹೆಸರುಗಳೆಲ್ಲ ಇಂಥ ಪರಿಷ್ಕರಣಗಳವು.

ಸ್ಥಿರವೆಂದರೇನು?

ಇಷ್ಟೊಂದು ಪರಿಷ್ಕರಣಗಳಿರುವಲ್ಲಿ ಯಾವುದನ್ನು ಆರಿಸುವುದು? ನಾನು ಮೊದಲು ಕೇಳಿಕೊಂಡ ಪ್ರಶ್ನೆ, ಸ್ಥಿರತೆಯೆಂದರೆ ಏನು ಎಂಬುದು. ಯಂತ್ರ ನಡುವೆ ಕೆಟ್ಟು ನಿಲ್ಲದಿರುವುದೇ ಸ್ಥಿರತೆಯೆಂದು ಸಾಮಾನ್ಯರ ತಿಳಿವಳಿಕೆ. ಈ ಲೋಕದಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿದೆ: ಬದಲಾಗದಿರುವುದು. ನಿನ್ನೆ ಎಲ್ಲಿತ್ತೋ ಇಂದೂ ಅಲ್ಲಿಯೇ ಇರುವುದು.

ಇಯಾನ್ ಮರ್ಡಾಕ್ 1993ರ ಆಗಸ್ಟಿನಲ್ಲಿ ಆರಂಭಿಸಿದ ಡೆಬಿಯನ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೊಸ ತಂತ್ರಾಂಶವೊಂದು ಬಂದರೆ ಅದು ಮೊದಲು ಸೇರುವುದು 'ಅಸ್ಥಿರ' ವಿಭಾಗವನ್ನು. ಅಲ್ಲಿ ಕೆಲವು ದಿನ ಇದ್ದು, ದೊಡ್ಡ ದೋಷ ಕಾಣದಿದ್ದರೆ 'ಪರೀಕ್ಷೆ'ಯ ವಿಭಾಗಕ್ಕೆ ಬಡ್ತಿ. ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆಯ ವಿಭಾಗವನ್ನು ಹೆಪ್ಪುಗಟ್ಟಿಸಿ, ಉಳಿದ ದೋಷಗಳನ್ನು ಆರಿಸಿ ತೆಗೆದು, 'ಸ್ಥಿರ'ವೆಂದು ಪ್ರಕಟಿಸುತ್ತಾರೆ. ಆಮೇಲೆ ಅದರಲ್ಲಿ ರಕ್ಷಣೆಯ ತಿದ್ದುಪಡಿಗಳೂ ಗಂಭೀರ ದೋಷಗಳ ನಿವಾರಣೆಯೂ ಮಾತ್ರವೇ ಹೊರತು, ಹೊಸ ಬೆಡಗುಗಳಿಗೆ ಪ್ರವೇಶವಿಲ್ಲ. ಆವೃತ್ತಿಗಳಿಗೆಲ್ಲ 'ಟಾಯ್ ಸ್ಟೋರಿ' ಚಲನಚಿತ್ರದ ಪಾತ್ರಗಳ ಹೆಸರು. 2023ರ ಜೂನಿನಲ್ಲಿ ಬಂದ ಹನ್ನೆರಡನೆಯದಕ್ಕೆ 'ಬುಕ್‌ವರ್ಮ್', ಅರ್ಥಾತ್ ಪುಸ್ತಕದ ಹುಳು. ಅಧ್ಯಾಪಕರಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ! ಎಂದೆಂದಿಗೂ ಅಸ್ಥಿರವಾಗಿರುವ ವಿಭಾಗಕ್ಕೆ, ಆಟಿಕೆಗಳನ್ನು ಮುರಿಯುವ ಹುಡುಗ ಸಿಡ್‌ನ ಹೆಸರು. ಹದಿಮೂರನೆಯದಾದ 'ಟ್ರಿಕ್ಸಿ' 2025ರ ಆಗಸ್ಟ್ 9ರಂದು ಹೊರಬಂದಿತು. ಅದರಲ್ಲಿ 69,000ಕ್ಕೂ ಮಿಕ್ಕಿ ತಂತ್ರಾಂಶದ ಕಟ್ಟುಗಳಿವೆ. ಮೂರು ವರ್ಷದ ಪೂರ್ಣ ಬೆಂಬಲ, ಅದರ ಮೇಲೆ ಎರಡು ವರ್ಷದ ದೀರ್ಘಾವಧಿ ಬೆಂಬಲ, ಒಟ್ಟು ಐದು ವರ್ಷ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸ್ಥಿರ ಆವೃತ್ತಿಯ ತಂತ್ರಾಂಶಗಳು ಒಂದೆರಡು ವರ್ಷ ಹಳೆಯವಾಗಿರುತ್ತವೆ. ನಿನ್ನೆ ತಾನೆ ಮಾರುಕಟ್ಟೆಗೆ ಬಂದ ಯಂತ್ರಾಂಶವನ್ನು ಅದು ಗುರುತಿಸದಿರಬಹುದು. ಆರ್ಚ್ ಇದಕ್ಕೆ ತದ್ವಿರುದ್ಧ. ಅದರಲ್ಲಿ ಆವೃತ್ತಿಯೆಂಬುದೇ ಇಲ್ಲ, ಹರಿಯುವ ಹೊಳೆಯಂತೆ ದಿನದಿನವೂ ಹೊಸ ನೀರು. ಯಂತ್ರವೇ ಹವ್ಯಾಸವಾದವರಿಗೆ ಅದು ಸೊಗಸು. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಒಂದೊಂದು ಆವೃತ್ತಿಯ ಬಾಳು ಸುಮಾರು ಹದಿಮೂರು ತಿಂಗಳು. 2004ರಲ್ಲಿ ಡೆಬಿಯನ್ನಿನಿಂದಲೇ ಕವಲೊಡೆದ ಉಬುಂಟು ಎರಡು ವರ್ಷಕ್ಕೊಮ್ಮೆ ದೀರ್ಘಾವಧಿಯ ಆವೃತ್ತಿಯನ್ನು ಕೊಡುತ್ತದೆ. ಅದಕ್ಕೂ ಐದು ವರ್ಷದ ಬೆಂಬಲ. ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್, ವಿಂಡೋಸಿಗೆ ಒಗ್ಗಿಹೋದ ಕಣ್ಣುಗಳಿಗೆ ಪರಿಚಿತವಾಗಿ ಕಾಣುತ್ತದೆ.

ಸೆಮಿಸ್ಟರಿನ ನಡುವೆ, ಪ್ರಶ್ನೆಪತ್ರಿಕೆ ಒಪ್ಪಿಸಬೇಕಾದ ಹಿಂದಿನ ರಾತ್ರಿ, ಯಂತ್ರವು ತನಗೆ ತೋಚಿದ ಹೊಸ ರೂಪವನ್ನು ತಾಳಿ ನಿಂತರೆ ಅಧ್ಯಾಪಕನ ಗತಿಯೇನು? ಆದಕಾರಣ ನಾನು ಆರಿಸಿಕೊಂಡದ್ದು ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು. ವಿದ್ಯಾರ್ಥಿಗಳು ಕೇಳಿದರೆ ಮಾತ್ರ ಮಿಂಟಿನಿಂದ ಆರಂಭಿಸಿರೆಂದು ಹೇಳುತ್ತೇನೆ. ಒಂದೇ ಮನೆತನದ ಮಕ್ಕಳಾದ್ದರಿಂದ ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ವ್ಯರ್ಥವಾಗದು.

ನಮ್ಮ ಅಳತೆಗೆ ಹೊಲಿದ ಅಂಗಿ

ಸ್ಥಿರತೆ ಒಂದು ಗುಣವಾದರೆ, ಬೇಕಾದಂತೆ ಮಾರ್ಪಡಿಸಿಕೊಳ್ಳಬಲ್ಲ ಗುಣ ಇನ್ನೊಂದು. ಮೇಲ್ನೋಟಕ್ಕೆ ಇವೆರಡಕ್ಕೂ ವಿರೋಧವಿದ್ದಂತೆ ತೋರುತ್ತದೆ, ವಾಸ್ತವವಾಗಿ ಇಲ್ಲ. ನೆಲಗಟ್ಟು ಅಲುಗದಿದ್ದರೆ ತಾನೆ ಅದರ ಮೇಲೆ ನಮಗೊಪ್ಪುವಂತೆ ಮನೆ ಕಟ್ಟುವುದು! ಇಲ್ಲಿ ಪರದೆಯ ರೂಪಕ್ಕೂ ಒಳಗಿನ ತಿರುಳಿಗೂ ಗಂಟು ಹಾಕಿಲ್ಲ. ಹೊಸ ಯಂತ್ರವುಳ್ಳವರು ಗ್ನೋಮ್ ಅನ್ನೋ ಕೆಡಿಇಯನ್ನೋ ಇಟ್ಟುಕೊಳ್ಳಬಹುದು. ನನ್ನ ಯಂತ್ರದಲ್ಲಿರುವುದು ನಾಲ್ಕು ಜಿಬಿ ಸ್ಮೃತಿ ಮಾತ್ರವಾದ್ದರಿಂದ, ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರಿಸರವನ್ನು ಹಾಕಿಕೊಂಡಿದ್ದೇನೆ.

ಕನ್ನಡದ ಮಟ್ಟಿಗೆ ಏನಿದೆಯೆಂದು ಓದುಗರು ಕೇಳುವುದು ಸಹಜ. ಡೆಬಿಯನ್ನನ್ನು ಸ್ಥಾಪಿಸುವ ಕ್ರಮವನ್ನೇ ಕನ್ನಡದಲ್ಲಿ ನಡೆಸಬಹುದು. ಸಚಿತ್ರ ವಿಧಾನವನ್ನು ಆರಿಸಿಕೊಂಡರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಲೋಹಿತ್, ಗುಬ್ಬಿ, ನವಿಲು, ನೋಟೋ ಮುಂತಾದ ಮುಕ್ತ ಅಕ್ಷರಶೈಲಿಗಳಿವೆ. 2010ರಲ್ಲಿ ಹುಟ್ಟಿದ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದ ಆದೇಶಗಳನ್ನು ಕನ್ನಡದಲ್ಲಿಯೇ ಓದಬಹುದು. ಅಚ್ಚಾದ ಪುಟದ ಚಿತ್ರವನ್ನು ಪಠ್ಯವಾಗಿ ಮಾರ್ಪಡಿಸುವ ಟೆಸರಾಕ್ಟ್ ಎಂಬ ಸಾಧನಕ್ಕೂ ಕನ್ನಡ ಬರುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಇದೆ, ನುಡಿ ತಂತ್ರಾಂಶದಿಂದ ನಮ್ಮ ಬೆರಳುಗಳಿಗೆ ಅಭ್ಯಾಸವಾದ ಕಗಪ ವಿನ್ಯಾಸವೂ ಇದೆ. ಕೆ. ಪಿ. ರಾಯರು ರೂಪಿಸಿದ ಧ್ವನ್ಯನುಸಾರಿ ವಿನ್ಯಾಸವೇ ಇದರ ಮೂಲ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ ಇದಕ್ಕೆ ಕಗಪ ಎಂಬ ಹೆಸರಾಯಿತು. ಲಿನಕ್ಸ್ ವ್ಯವಸ್ಥೆಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಭಾಷೆಗಳಿಗೂ 'ಕಗಪ' ಎಂಬ ಅದೇ ಹೆಸರಿನ ವಿನ್ಯಾಸಗಳಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ನಮ್ಮ ಸೀಮೆಗೆ ಇನ್ನೊಂದು ವಿಶೇಷ ಅಗತ್ಯವುಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲದ ಹಳೆಯ ಕಾಗದಪತ್ರಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ. ಮೊಹರಂ ಪದಗಳಿಗೆ ಟಿಪ್ಪಣಿ ಬರೆಯುವವನಿಗೆ ಬಲದಿಂದ ಎಡಕ್ಕೆ ಹರಿಯುವ ಆ ಲಿಪಿಯೂ ಬೇಕು, ದೇವನಾಗರಿಯೂ ಬೇಕು, ಕನ್ನಡವಂತೂ ಬೇಕೇ ಬೇಕು. ಮೂರು ಲಿಪಿಗಳ ಕೀಲಿಮಣೆಗಳನ್ನು ಒಂದೇ ಗುಂಡಿಯ ಸನ್ನೆಯಿಂದ ಬದಲಿಸುವಂತೆ ನಾನು ಹೊಂದಿಸಿಕೊಂಡಿದ್ದೇನೆ.

ಕೊರತೆಯನ್ನೂ ಮುಚ್ಚಿಡಬಾರದು. ಕಾಗುಣಿತ ಪರೀಕ್ಷಕ ಇನ್ನೂ ಬಡವಾಗಿದೆ. ಪ್ರತ್ಯಯದ ಮೇಲೆ ಪ್ರತ್ಯಯ ಸೇರಿಸಿ ಪದ ಬೆಳೆಸುವ ನಮ್ಮ ಭಾಷೆಯನ್ನು ಬರಿಯ ಪದಪಟ್ಟಿಯಿಂದ ಹಿಡಿಯಲಾಗದು. ನಮ್ಮ ಕಡೆಯ 'ಹೊಂಟಾನ', 'ಬರಾಕತ್ಯಾನ' ಎಂಬ ಮಾತುಗಳ ಕೆಳಗೆಲ್ಲ ಕೆಂಪು ಗೆರೆ ಎಳೆಯುತ್ತದೆ. ಕನ್ನಡಗಳು ಹಲವೆಂಬ ತಿಳಿವು ಕವಿರಾಜಮಾರ್ಗದ ಕಾಲಕ್ಕೇ ಮಾನ್ಯಖೇಟದಲ್ಲಿತ್ತು. ಯಂತ್ರಕ್ಕೆ ಅದು ಇನ್ನೂ ತಲುಪಿಲ್ಲ. ಆದರೆ ಇಲ್ಲಿ ಪದಪಟ್ಟಿಯೂ ಪ್ರತ್ಯಯಗಳ ನಿಯಮವೂ ಸಾದಾ ಬರಹದ ಕಡತಗಳು. ವ್ಯಾಕರಣ ಬಲ್ಲವರು ತೆರೆದು ತಿದ್ದಬಹುದು.

ಹೋದವರೂ ಮರಳಿದವರೂ

ಈ ದಾರಿಯಲ್ಲಿ ಕನ್ನಡದ ಮಕ್ಕಳು ನಮಗಿಂತ ಮೊದಲೇ ನಡೆದಿದ್ದಾರೆ. ಕೇರಳ ಸರ್ಕಾರದ ಐಟಿ@ಸ್ಕೂಲ್ ಯೋಜನೆ ಈ ಶತಮಾನದ ಮೊದಲ ದಶಕದಲ್ಲಿಯೇ ಶಾಲೆಗಳನ್ನು ಮುಕ್ತ ತಂತ್ರಾಂಶದ ಕಡೆಗೆ ಒಯ್ದಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕಪಾಠವನ್ನು ಕನ್ನಡದ ಪಠ್ಯಪುಸ್ತಕದಿಂದ, ಮುಕ್ತ ವ್ಯವಸ್ಥೆಯ ಮೇಲೆ ಕಲಿಯುತ್ತಾರೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಡೆಬಿಯನ್ನಿನ ಆಧಾರದ ಮೇಲೆ 'ಬಾಸ್' ಎಂಬ ವ್ಯವಸ್ಥೆಯನ್ನು ಭಾರತೀಯ ಭಾಷೆಗಳಿಗಾಗಿ ಹೊರತಂದಿತು. 2015ರಲ್ಲಿ ಭಾರತ ಸರ್ಕಾರವು ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು.

ಹಿಂದಿರುಗಿದವರೂ ಉಂಟು. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸಿಗೆ ಹೊರಳಲು ನಿಶ್ಚಯಿಸಿ, ಸಾವಿರಾರು ಯಂತ್ರಗಳನ್ನು ಬದಲಿಸಿ, 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಹೊರಗಿನವರೊಡನೆ ಕಡತಗಳನ್ನು ಕೊಟ್ಟು ತೆಗೆದುಕೊಳ್ಳುವಲ್ಲಿನ ತೊಡಕು, ನೌಕರರ ಅಸಮಾಧಾನ, ರಾಜಕೀಯದ ಬದಲಾವಣೆ ಎಲ್ಲವೂ ಅಲ್ಲಿ ಕೂಡಿದ್ದವು. ನಮ್ಮಲ್ಲಿಯೂ ಇಂಥ ತೊಡಕುಗಳಿಲ್ಲದೆ ಇಲ್ಲ. ಅಚ್ಚಿನ ಮನೆಯವರು ಹಳೆಯ ಅಕ್ಷರಶೈಲಿಯ ಕಡತವನ್ನೇ ಕೇಳಬಹುದು. ಕೆಲವು ಲೆಕ್ಕಪತ್ರದ ತಂತ್ರಾಂಶಗಳು ವಿಂಡೋಸಿನಲ್ಲಿ ಮಾತ್ರ ನಡೆಯುತ್ತವೆ. ಅಂಥ ತಂತ್ರಾಂಶವೇ ಜೀವನೋಪಾಯವಾದವರು ಹಳೆಯದನ್ನು ಅಳಿಸದೆ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದು ಲೇಸು.

ಪರೀಕ್ಷಿಸಬಯಸುವವರಿಗೆ ನಾಲ್ಕು ಮಾತು. ಮೊದಲು ನಿಮ್ಮ ಕಡತಗಳ ಪ್ರತಿಯನ್ನು ಯಂತ್ರದ ಹೊರಗೆ ಬೇರೊಂದೆಡೆ ಇಡಿ. ಬಳಿಕ ಪೆನ್‌ಡ್ರೈವಿನಲ್ಲಿ ವ್ಯವಸ್ಥೆಯನ್ನು ಬರೆದುಕೊಂಡು, ಯಂತ್ರದ ತಟ್ಟೆಯನ್ನು ಮುಟ್ಟದೆ ಅದರಿಂದಲೇ ನಡೆಸಿ ನೋಡಿ. ವೈಫೈ, ಮುದ್ರಣಯಂತ್ರ, ಧ್ವನಿ ಸರಿಯಾಗಿವೆಯೇ ಎಂದು ಒಂದು ವಾರ ಗಮನಿಸಿ, ಆಮೇಲೆ ಸ್ಥಾಪಿಸಿ. ಯಂತ್ರ ತೀರ ಹಳೆಯದಾಗಿ 32 ಬಿಟ್ಟಿನದಾಗಿದ್ದರೆ ಡೆಬಿಯನ್ 13 ಅದರಲ್ಲಿ ನೆಲೆಸದೆಂಬುದನ್ನು ಮೊದಲೇ ತಿಳಿದಿರಿ.

ರಿವಾಯತ ಪದಗಳ ಮಾತು ಹೇಳದೆ ಬಿಡಲಾರೆ. ಮುಕ್ತವಾಗಿ ದೊರೆತ ಪರಿವರ್ತಕವೊಂದರಿಂದ ಆ ಕಡತಗಳನ್ನು ಯೂನಿಕೋಡಿಗೆ ತಂದೆವು. ಅರ್ಕಾವೊತ್ತುಗಳು ಕೆಲವೆಡೆ ಮುಂದಿನ ಅಕ್ಷರಕ್ಕೆ ಜಿಗಿದಿದ್ದವು. ಮಹಾಪ್ರಾಣಗಳು ಕೆಲವೆಡೆ ಬಿದ್ದುಹೋಗಿದ್ದವು. ಮೂವರು ವಿದ್ಯಾರ್ಥಿಗಳು ಹಿರಿಯರ ನೋಟುಪುಸ್ತಕಗಳನ್ನು ಮುಂದಿಟ್ಟುಕೊಂಡು, ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತ ಕ್ರಮದಲ್ಲಿಯೇ ಸಾಲುಸಾಲಾಗಿ ಪಾಠ ನೋಡುತ್ತಿದ್ದಾರೆ. ಪರಿವರ್ತಕವು ಪದೇ ಪದೇ ತಪ್ಪುವ ಕಡೆಗಳನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಂಡಿದ್ದಾರೆ. ಅದರ ಮೂಲಪಾಠ ತೆರೆದೇ ಇರುವುದರಿಂದ ಆ ತಪ್ಪುಗಳನ್ನು ತಿದ್ದಿ ಮರಳಿ ಎಲ್ಲರಿಗೂ ಒಪ್ಪಿಸಬೇಕೆಂಬುದು ಅವರ ಹಂಬಲ. ಬೀದರಿನಲ್ಲಿಯೋ ಬಳ್ಳಾರಿಯಲ್ಲಿಯೋ ಇಂಥದೇ ಕಟ್ಟನ್ನು ಇಟ್ಟುಕೊಂಡು ಕುಳಿತ ಬೇರೊಬ್ಬ ಅಧ್ಯಾಪಕರಿಗೆ ಅದರಿಂದ ಅಷ್ಟು ಶ್ರಮ ಉಳಿದೀತು. ಇಂಥ ಹಳೆಯ ಕಡತಗಳು ಯಾರ ಮನೆಯಲ್ಲಿವೆಯೋ ಅವರು, ಅವುಗಳನ್ನು ತೆರೆಯಬಲ್ಲ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಈ ಕೆಲಸಕ್ಕೆ ಕೈ ಹಚ್ಚುವುದು ಒಳ್ಳೆಯದು.